ಗಡಿಬಿಡಿಯಪ್ಪನಿಗೆ ಒಂದು ದಿನ ರಜೆ

ಇಂಚರ ಉಪ್ಪಿಟ್ಟಿನ ತಟ್ಟೆ ಕೈಗೆತ್ತಿಕೊಂಡಾಗ ಆ ದಿನದ ಅವಳ ಮೊದಲ ಕೆಲಸ ಹಗ್ಗದ ಪರೀಕ್ಷೆಯಾಗಿತ್ತು. ಮೊದಲ ತುತ್ತು ಗಂಟಲಿಗಿಳಿಯುವಷ್ಟರಲ್ಲಿ ಅದು ಬೇರಿಂಗ್ ತಪಾಸಣೆಯಾಯಿತು. ಎರಡನೆಯ ತುತ್ತಿಗೆ ಮತ್ತೆ ಹಗ್ಗದ ಪರೀಕ್ಷೆ. ಪ್ರತಿ ಸಲವೂ ಮುಂಗೈಯ ಪಟ್ಟಿ ಜುಮ್ಮೆಂದು ನಡುಗಿ ಹಸಿರು ಅಕ್ಷರದಲ್ಲಿ ಹೊಸ ಆಜ್ಞೆ ತೋರಿಸುತ್ತಿತ್ತು.

"ಅದನ್ನ ಬಿಚ್ಚಿಟ್ಟು ತಿನ್ನಬಾರದಾ?" ಎಂದ ಲೋಹಿತ್, ಒಲೆಯ ಮುಂದೆ ನಿಂತುಕೊಂಡೇ.

"ನೀನು ಬಿಚ್ಚಿಡು, ನಾನೂ ಬಿಚ್ಚಿಡ್ತೀನಿ."

ಅವನು ಬಾಯಿ ತೆರೆಯುವ ಮೊದಲೇ ಅವನ ಮುಂಗೈಯೂ ನಡುಗಿತು. ಇಂಚರಳ ಗಂಡ ಲೋಹಿತ್ ಮನೆಯಲ್ಲೇ ಕೂತು ಯಂತ್ರಭಾಗಗಳ ನಕಾಶೆ ಬಿಡಿಸುವವನು. ವಿಯೆಟ್ನಾಮಿನ ಪಂಪು ಬಿಡು, ಮೊರಾಕ್ಕೊದ ಕವಾಟ ಹಿಡಿ ಎಂದಿತ್ತು ಪಟ್ಟಿ. ಅವನು ಸೌಟು ಕೆಳಗಿಟ್ಟು ಒಳಕೋಣೆಗೆ ಓಡಿದ. ಬಾಣಲೆಯಲ್ಲಿ ಒಗ್ಗರಣೆ ಕರಕಲಾಯಿತು. ಮದುವೆಯಾಗಿ ಇಷ್ಟು ವರ್ಷವಾಗಿದ್ದರೂ ಇವರಿಬ್ಬರೂ ಒಂದು ಊಟವನ್ನು ಜೊತೆಗೆ ಶುರುಮಾಡಿ ಜೊತೆಗೆ ಮುಗಿಸಿದ್ದು ತೀರಾ ಅಪರೂಪ. ಇಂಚರ ಎದ್ದು ಒಲೆ ಆರಿಸಿ, ಅರ್ಧ ತಟ್ಟೆ ಮುಚ್ಚಿಟ್ಟು, ಚಪ್ಪಲಿ ಮೆಟ್ಟಿಕೊಂಡು ಹೊರಟಳು.

ಆಜ್ಞೆ ಕಳಿಸುತ್ತಿದ್ದದ್ದು ಕ್ರೋನಾ. ಈ ಶತಮಾನದ ನಡುಭಾಗಕ್ಕೆ ಬರುವಷ್ಟರಲ್ಲಿ ದೊಡ್ಡ ಕೆಲಸಗಳನ್ನು ಮನುಷ್ಯರು ಯೋಜಿಸುವುದು ಹೆಚ್ಚುಕಡಿಮೆ ನಿಂತೇಹೋಗಿತ್ತು. ಹಿಂದೆಲ್ಲ ಯೋಜನೆ ಎಂದರೆ ಗೋಡೆಗೆ ಅಂಟಿಸಿದ ಒಂದು ಚಾರ್ಟು. ಸಂಕ್ರಾಂತಿಗೆ ಹಾಕಿದ ಲೆಕ್ಕಾಚಾರ ಯುಗಾದಿಯವರೆಗಾದರೂ ಉಳಿಯುತ್ತಿತ್ತು. ಆಮೇಲೆ ಲೋಕವೇ ಬದಲಾಯಿತು. ಒಂದು ಸೇತುವೆಗೆ ಉಕ್ಕು ಒಂದು ಖಂಡದಿಂದ, ನಕಾಶೆ ಇನ್ನೊಂದರಿಂದ, ಕೈಗಳು ಮತ್ತೊಂದರಿಂದ ಬರತೊಡಗಿದವು. ನಡುವೆ ಎಲ್ಲೋ ಬಿರುಗಾಳಿ, ಎಲ್ಲೋ ಬಂದರು ಮುಷ್ಕರ, ಎಲ್ಲೋ ತಾಳಲಾರದ ಬಿಸಿಲು. ಹಾಕಿದ ಲೆಕ್ಕ ವಾರದೊಳಗೆ ಹಳಸುತ್ತಿತ್ತು. ಆಗ ಬಂದದ್ದು ಕ್ರೋನಾ. ಜಗತ್ತಿನ ಎಲ್ಲ ಹಡಗು, ಹವಾಮಾನ, ಯಂತ್ರ, ಮನುಷ್ಯರನ್ನು ಒಟ್ಟಿಗೆ ನೋಡುತ್ತ, ಕ್ಷಣಕ್ಷಣಕ್ಕೂ ಯೋಜನೆಯನ್ನು ತಿದ್ದುತ್ತ, ಯಾರು ಏನು ಮಾಡಬೇಕೆಂದು ನೇರ ಅವರ ಮುಂಗೈಗೇ ಹೇಳುವ ಮಹಾಯಂತ್ರ. ಸುಳ್ಳು ಹೇಳಬಾರದು, ಅದರಿಂದ ಉಪಕಾರವೂ ಆಯಿತು. ಎಷ್ಟೋ ಆಸ್ಪತ್ರೆಗಳು, ಎಷ್ಟೋ ನೀರಿನ ಕಾಲುವೆಗಳು ಅದರ ದೆಸೆಯಿಂದ ಎದ್ದು ನಿಂತವು. ಆದರೆ ಅದರ ಕೈಕೆಳಗೆ ದುಡಿದವರಿಗೆ ಮುಂದಿನ ಗಳಿಗೆಯಲ್ಲಿ ತಾವು ಏನು ಮಾಡುತ್ತಿರುತ್ತೇವೆ ಎಂಬುದು ಗೊತ್ತಿರುತ್ತಿರಲಿಲ್ಲ. ಗಣಿಯ ಹುಡುಗರು ಅದಕ್ಕೆ ಗಡಿಬಿಡಿಯಪ್ಪ ಎಂದು ಹೆಸರಿಟ್ಟಿದ್ದರು.

ಗಣಿ ಎಂದರೆ ಕೋಲಾರದ ಚಿನ್ನದ ಗಣಿ. ಚಿನ್ನ ಮುಗಿದು, ಬಾಗಿಲು ಹಾಕಿ, ಅರ್ಧ ಶತಮಾನವೇ ಕಳೆದಿತ್ತು. ಉಳಿದದ್ದು ಪಾತಾಳಕ್ಕಿಳಿದ ಬಾವಿಗಳು ಮತ್ತು ಅದಿರು ಅರೆದು ಸುರಿದ ಬೂದುಬಣ್ಣದ ವಿಷದ ದಿಬ್ಬಗಳು. ಎರಡೂ ಯಾರಿಗೂ ಬೇಡವಾಗಿದ್ದವು. ಆಗ ಗುರುತ್ವ ವಿದ್ಯುತ್ ಒಕ್ಕೂಟ ಎಂಬ ಸಂಸ್ಥೆ ಬಂದು ಎರಡೂ ತನಗೆ ಬೇಕು ಎಂದಿತು. ಉಪಾಯ ಸರಳ. ದಿಬ್ಬದ ಮಣ್ಣನ್ನು ಭದ್ರವಾಗಿ ಒತ್ತಿ ಉಕ್ಕಿನ ಪೆಟ್ಟಿಗೆಗಳಿಗೆ ತುಂಬುವುದು. ಬಿಸಿಲಿನ ವಿದ್ಯುತ್ ಮಿಕ್ಕುವ ಹಗಲಿನಲ್ಲಿ ಆ ಪೆಟ್ಟಿಗೆಗಳನ್ನು ಬಾವಿಯ ತಳದಿಂದ ಮೇಲಕ್ಕೆಳೆಯುವುದು. ಸಂಜೆ ಊರಿಗೆ ಕರೆಂಟು ಬೇಕಾದಾಗ ಕೆಳಗಿಳಿಸುವುದು. ಇಳಿಯುವ ತೂಕ ಹಗ್ಗ ಎಳೆಯುತ್ತದೆ, ಹಗ್ಗ ವೈಂಡರ್ ಎಂಬ ದೈತ್ಯ ರಾಟೆಯನ್ನು ತಿರುಗಿಸುತ್ತದೆ, ರಾಟೆ ವಿದ್ಯುತ್ ಕೊಡುತ್ತದೆ. ಸಂಜೆಯಾದರೆ ಕರೆಂಟು ಹೋಗುವ ಊರಿಗೆ, ಕೆಲಸವಿಲ್ಲದೆ ಖಾಲಿಯಾಗುತ್ತಿದ್ದ ಬೀದಿಗಳಿಗೆ, ಇದಕ್ಕಿಂತ ದೊಡ್ಡ ಸುದ್ದಿ ಬೇಕಿರಲಿಲ್ಲ.

ಇಂಚರ ಅದರ ವ್ಯವಸ್ಥಾಪಕಿ. ಹೆಸರು ದೊಡ್ಡದು, ಅಧಿಕಾರ ಬರೀ ಸಹಿ. ಯಂತ್ರ ಏನೇ ನಿರ್ಧರಿಸಲಿ, ಕಾನೂನಿಗೆ ಒಬ್ಬ ಮನುಷ್ಯನ ಸಹಿ ಬೇಕಲ್ಲ, ಅದಕ್ಕೆ ಇವಳು. ಅವಳು ಮೊದಲು ಮನೆಯಲ್ಲೇ ಕೂತು ಎಲ್ಲೆಲ್ಲಿಯದೋ ಯೋಜನೆಗಳಿಗೆ ಸಹಿ ಹಾಕಿದ್ದಳು. ಹುಟ್ಟಿ ಬೆಳೆದ ಊರಿನ ಕೆಲಸ ಇದೊಂದೇ. ಅದೂ ಈಗ ಕೈತಪ್ಪುವುದರಲ್ಲಿತ್ತು.

ನಿಯಂತ್ರಣ ಕೋಣೆಗೆ ಅವಳು ಕಾಲಿಟ್ಟಾಗ ಹಗ್ಗ ಮತ್ತೆ ತೂಗಾಡುತ್ತಿತ್ತು.

ಎರಡು ಕಿಲೋಮೀಟರಿಗೂ ಮಿಕ್ಕಿದ ಆಳಕ್ಕೆ ಇಳಿಬಿದ್ದ ಉಕ್ಕಿನ ಹಗ್ಗ ಅದು. ಅದನ್ನು ಇಳಿಸುವ ವೇಗವನ್ನು ಕ್ರೋನಾ ನೇರವಾಗಿ ತಾನೇ ಇಡುತ್ತಿತ್ತು. ಅರ್ಧ ತೂಕ ಕಟ್ಟಿ ಇಳಿಸಿದರೂ ಸ್ವಲ್ಪ ದೂರ ಹೋಗುತ್ತಲೇ ಪಕ್ಕಕ್ಕೆ ಜೋಲಿ ಹೊಡೆಯಲು ಶುರುಮಾಡುತ್ತಿತ್ತು. ಜೋಲಿ ಬೆಳೆಯುತ್ತ ಹೋಗಿ ಪೆಟ್ಟಿಗೆ ಶಾಫ್ಟಿನ, ಅಂದರೆ ಗಣಿಬಾವಿಯ, ಗೋಡೆಗೆ ತಾಗುವಷ್ಟಾದಾಗ ಬ್ರೇಕು ಬೀಳುತ್ತಿತ್ತು. ಬೇರಿಂಗ್ ಬದಲಿಸಿದರು. ಗೋಡೆಯ ಹಳಿಗಳನ್ನು ಹೊಸದಾಗಿ ಕೂರಿಸಿದರು. ಕೊನೆಗೆ ಪೋಲೆಂಡಿನಿಂದ ಹೊಸ ಹಗ್ಗವನ್ನೇ ತರಿಸಿದರು. ಅದೂ ಹಳೆಯದರಂತೆಯೇ ಕುಣಿಯಿತು.

"ನಾನು ಈ ಹಗ್ಗವನ್ನು ಸ್ವತಃ ಪರೀಕ್ಷಿಸಿ ಕಳುಹಿಸಿದ್ದೇನೆ. ದೋಷವು ಹಗ್ಗದಲ್ಲಿಲ್ಲ," ಎಂದಳು ಡೊರೊಟಾ, ಪರದೆಯ ಮೇಲಿಂದ. ಪೋಲೆಂಡಿನ ಗಣಿ ಎಂಜಿನಿಯರ್ ಆಕೆ. ಅನುವಾದ ಯಂತ್ರದ ದಯೆಯಿಂದ ಪಠ್ಯಪುಸ್ತಕದ ಕನ್ನಡ ಮಾತಾಡುತ್ತಿದ್ದಳು.

"ಹಾಗಾದ್ರೆ ಎಲ್ಲಿದೆ ಅಂತ ಹೇಳಿ ಡೊರೊಟಾ. ಕ್ರೋನಾಗೂ ಗೊತ್ತಿಲ್ಲ, ನನಗೂ ಗೊತ್ತಿಲ್ಲ."

ಅಷ್ಟರಲ್ಲಿ ಗೋಡೆಯ ದೊಡ್ಡ ಪರದೆಯಲ್ಲಿ ಭರವಸೆ ಅಂಕ ಇನ್ನೊಂದು ಮೆಟ್ಟಿಲು ಕೆಳಗಿಳಿಯಿತು. ಯಾವ ಯೋಜನೆ ಮುಗಿಯುತ್ತದೆ, ಯಾವುದು ಮುಗಿಯುವುದಿಲ್ಲ ಎಂದು ಕ್ರೋನಾ ಕೊಡುವ ಅಂಕ ಅದು. ಕೆಂಪು ಗೆರೆ ದಾಟಿತೆಂದರೆ ತೂಕದ ಪೆಟ್ಟಿಗೆ, ವೈಂಡರ್, ಹಗ್ಗ ಎಲ್ಲವನ್ನೂ ಬಿಚ್ಚಿ ಚಿಲಿ ದೇಶದ ತಾಮ್ರದ ಗಣಿಗೆ ಸಾಗಿಸುವುದು ಮೊದಲೇ ಆದ ಒಪ್ಪಂದ. ಈ ಶಾಫ್ಟಿನ ಬಾಯಿಗೆ ಕಾಂಕ್ರೀಟು ಸುರಿದು ಶಾಶ್ವತವಾಗಿ ಮುಚ್ಚುತ್ತಾರೆ. ಗೆರೆಗೂ ಅಂಕಕ್ಕೂ ಈಗ ಬೆರಳಿನಷ್ಟು ಅಂತರವಿತ್ತು.

ವೈಂಡರ್ ನಡೆಸುವ ಮೇಸ್ತ್ರಿ ಸೆಲ್ವರಾಜ್ ಬಾಗಿಲಲ್ಲಿ ನಿಂತು ಕೆಮ್ಮಿದರು. ಇಡೀ ತಂಡಕ್ಕೆ ಅವರು ಸೆಲ್ವಣ್ಣ. ಭಾರಿ ಮೀಸೆ, ಹೆಂಗರುಳು.

"ಮೇಡಂ, ನಾಳೆ ಆಯುಧಪೂಜೆ. ಹುಡುಗರು ಕೇಳ್ತಾ ಇದಾರೆ."

"ಕ್ರೋನಾ ರಜೆ ಕೊಟ್ಟಿಲ್ಲ ಸೆಲ್ವಣ್ಣ."

"ಅದಕ್ಕೆ ಆಯುಧಪೂಜೆ ಅಂದ್ರೆ ಏನು ಗೊತ್ತು ಮೇಡಂ? ಯಂತ್ರಕ್ಕೂ ವರ್ಷಕ್ಕೊಂದಿನ ವಿಶ್ರಾಂತಿ ಬೇಡ್ವಾ? ಪೂಜೆ ಮಾಡದೆ ಇಷ್ಟು ದೊಡ್ಡ ವೈಂಡರ್ ಓಡಿಸ್ತಾ ಇದೀವಿ, ಅದಕ್ಕೇ ಹಗ್ಗ ಕುಣೀತಿದೆ ಅಂತಾರೆ ಹುಡುಗರು."

ಇಂಚರಳಿಗೆ ನಗು ಬಂತು. ಜೊತೆಗೆ ಹಠವೂ ಬಂತು. ಹೇಗೂ ಮುಚ್ಚಿಹೋಗುವ ಶಾಫ್ಟು, ಒಂದು ದಿನ ಹೂ ಹಾಕಿಸಿಕೊಳ್ಳಲಿ ಎನಿಸಿತು. "ಬೆಳಿಗ್ಗೆ ಪೂಜೆ ಮಾಡಿ. ಮಧ್ಯಾಹ್ನದ ಮೇಲೆ ಪಟ್ಟಿ ಹೇಳಿದ ಹಾಗೆ ಕೆಲಸ," ಎಂದಳು. ಸೆಲ್ವಣ್ಣನ ಮೀಸೆಯಡಿ ಹಲ್ಲುಗಳು ಕಂಡವು.

ಮಾರನೆಯ ದಿನ ವೈಂಡರ್ ಮನೆಯನ್ನು ಗುರುತು ಹಿಡಿಯುವಂತಿರಲಿಲ್ಲ. ರಾಟೆಯನ್ನು ತೊಳೆದು, ಒರೆಸಿ, ಎಣ್ಣೆ ಹಚ್ಚಿ ಫಳಫಳಿಸಿದ್ದರು. ಕಂಬಕಂಬಕ್ಕೂ ಬಾಳೆಕಂದು, ಚೆಂಡುಹೂವಿನ ಹಾರ. ಸ್ಪ್ಯಾನರು, ಸುತ್ತಿಗೆ, ಲೇಸರ್ ಮಾಪಕ, ವೆಲ್ಡಿಂಗ್ ರೋಬೋ ಎಲ್ಲವೂ ಸಾಲಾಗಿ ಕೂತು ಅರಿಸಿನ ಕುಂಕುಮ ಇಟ್ಟುಕೊಂಡಿದ್ದವು. ಮುಂಗೈ ಪಟ್ಟಿಗಳನ್ನೂ ಬಿಚ್ಚಿ ಒಂದು ತಟ್ಟೆಯಲ್ಲಿಟ್ಟು ಅವಕ್ಕೂ ಹೂ ಏರಿಸಿದ್ದರು. ಅವು ಹೂವಿನಡಿಯಲ್ಲೇ ಒಂದಾದ ಮೇಲೊಂದು ನಡುಗಿ, ಆಮೇಲೆ ತೆಪ್ಪಗಾದವು. ನೋಡುವವರು ಯಾರೂ ಇರಲಿಲ್ಲ.

ಮಂಗಳಾರತಿಯಾಯಿತು. ಕುಂಕುಮ ತುಂಬಿದ ಬೂದುಗುಂಬಳಕಾಯಿ ಬಾಗಿಲಲ್ಲಿ ಒಡೆಯಿತು. ಪೂಜೆಯಾದ ಗಾಡಿಯನ್ನು ಚಕ್ರದಡಿ ನಿಂಬೆಹಣ್ಣಿಟ್ಟು ಒಂದು ಸುತ್ತು ಓಡಿಸಬೇಕಲ್ಲ, ವೈಂಡರಿಗೆ ಚಕ್ರ ಎಲ್ಲಿಂದ ತರುವುದು? ಸೆಲ್ವಣ್ಣ ಹಗ್ಗದ ಮೊದಲ ಸುರುಳಿಯ ಕೆಳಗೆ ನಿಂಬೆಹಣ್ಣಿಟ್ಟರು.

"ಒಂದು ರೌಂಡ್ ಇಳಿಸಿ ಎತ್ತಿಬಿಡ್ತೀನಿ ಮೇಡಂ. ನಿನ್ನೆ ಕಟ್ಟಿದ ಅರ್ಧ ತೂಕ ಹಾಗೇ ಇದೆ."

"ಕುಣಿದರೆ ನಿಲ್ಲಿಸಿಬಿಡಿ."

ನಿಂಬೆಹಣ್ಣು ಪಚಕ್ಕೆಂದಿತು. ರಾಟೆ ತಿರುಗಿತು. ಹುಡುಗರು ಕಡಲೆಬೇಳೆ ಕೋಸಂಬರಿ ಹಂಚುವುದರಲ್ಲಿದ್ದರು. ಇಂಚರಳ ಕಣ್ಣು ಅಭ್ಯಾಸಬಲದಿಂದ ಗೋಡೆಯ ಮೇಲಿನ ಮುಳ್ಳಿನ ಮಾಪಕದ ಕಡೆ ಹೋಯಿತು. ಹಗ್ಗದ ಬಿಗಿ ತೋರಿಸುವ ಆ ಮಾಪಕಕ್ಕೂ ಕ್ರೋನಾಗೂ ಸಂಬಂಧವಿಲ್ಲ. ಸುರಕ್ಷತೆಯ ಕಾನೂನು ಇರಲೇಬೇಕು ಎನ್ನುತ್ತದೆ, ಅದಕ್ಕೆ ಇತ್ತು. ಪರೀಕ್ಷೆಯ ಹೊತ್ತಿನಲ್ಲಿ ಆ ಮುಳ್ಳು ಎಡಕ್ಕೂ ಬಲಕ್ಕೂ ಹುಚ್ಚೆದ್ದು ಹೊಡೆದುಕೊಳ್ಳುವುದು ಎಲ್ಲರಿಗೂ ಗೊತ್ತಿದ್ದದ್ದೇ.

ಇವತ್ತು ಮುಳ್ಳು ಅಲುಗಲಿಲ್ಲ.

ಪೆಟ್ಟಿಗೆ ನಿನ್ನೆ ಬ್ರೇಕು ಬಿದ್ದ ಆಳ ದಾಟಿತು. ಮುಳ್ಳು ನಿಂತಲ್ಲೇ ಇತ್ತು. ತಳ ಮುಟ್ಟಿತು. ಮೇಲೆ ಬಂತು. ಇಂಚರಳ ಕೈಯಲ್ಲಿದ್ದ ಕೋಸಂಬರಿ ದೊನ್ನೆ ವಾಲಿ ಬೇಳೆ ನೆಲಕ್ಕೆ ಚೆಲ್ಲುತ್ತಿದ್ದುದು ಅವಳಿಗೆ ತಿಳಿಯಲೇ ಇಲ್ಲ.

"ನೋಡಿದ್ರಾ ಮೇಡಂ! ನಾನ್ ಹೇಳಲಿಲ್ವಾ? ಪೂಜೆ ಅಂದ್ರೆ ಪೂಜೆ!" ಸೆಲ್ವಣ್ಣ ಕುಣಿಯುವುದೊಂದು ಬಾಕಿ.

ಅಷ್ಟರಲ್ಲಿ ಪಕ್ಕದ ಕೋಣೆಯ ಪರದೆಯಿಂದ ಡೊರೊಟಾಳ ಗಾಬರಿಯ ದನಿ ಕೇಳಿಸಿತು. "ಇಂಚರಾ ಅವರೇ! ನಿಮ್ಮ ಶಾಫ್ಟು ಅಂಧಕಾರದಲ್ಲಿದೆ! ಕ್ರೋನಾಗೆ ಏನೂ ಕಾಣಿಸುತ್ತಿಲ್ಲ. ಅಂಕ ಕೆಂಪು ಗೆರೆಯನ್ನು ದಾಟಿದೆ!"

ಇಂಚರ ಶಾಫ್ಟಿನ ಬಾಯಿಗೆ ಓಡಿದಳು. ಬಾಯಿಯ ಸುತ್ತ ಉಂಗುರದಂತೆ ಕೂರಿಸಿದ ಗಾಜಿನ ಕಣ್ಣುಗಳಿದ್ದವು. ಅವುಗಳಿಂದ ಹೊರಟ ಬೆಳಕು ಪಾತಾಳದವರೆಗೂ ಹೋಗಿ ಹಗ್ಗ ಕೂದಲೆಳೆಯಷ್ಟು ಸರಿದರೂ ಕ್ರೋನಾಗೆ ತಿಳಿಸುತ್ತಿತ್ತು. ಈಗ ಪ್ರತಿಯೊಂದು ಕಣ್ಣಿನ ಮೇಲೂ ದಪ್ಪನೆಯ ಗಂಧ, ಅದರ ಮೇಲೆ ರೂಪಾಯಿಯಗಲದ ಕುಂಕುಮ, ಅದಕ್ಕೆ ಅಂಟಿಸಿದ ಒಂದೊಂದು ಚೆಂಡುಹೂವು.

"ಯಾರು ಮಾಡಿದ್ದು ಇದು?" ಅವಳು ಕೂಗಿದ ರಭಸಕ್ಕೆ ಪಾರಿವಾಳಗಳು ಹಾರಿದವು.

ಸೆಲ್ವಣ್ಣನ ಮುಖ ಸಣ್ಣಗಾಯಿತು. "ಅದೂ ಆಯುಧಾನೇ ಅಲ್ವಾ ಮೇಡಂ... ಒಂದನ್ನ ಬಿಟ್ಟು ಒಂದಕ್ಕೆ ಹಚ್ಚಿದ್ರೆ ಸರಿ ಹೋಗಲ್ಲ ಅಂತ..." ಅವರು ಒಂದು ಹೂವನ್ನು ಕಿತ್ತು ಕೈಯಲ್ಲಿ ಹಿಡಿದರು. "ನನ್ನಿಂದಾನೇ ಹೋಯ್ತಾ ಮೇಡಂ, ಶಾಫ್ಟು?"

ಬೈಯಲು ತೆರೆದ ಇಂಚರಳ ಬಾಯಿ ಹಾಗೆಯೇ ನಿಂತಿತು. ಕ್ರೋನಾಗೆ ಕಣ್ಣಿಲ್ಲದಾಗ ಅದು ಆಜ್ಞೆ ಕೊಡುವಂತಿಲ್ಲ, ಕೈಯಿಂದ ಇಟ್ಟ ವೇಗದಲ್ಲೇ ವೈಂಡರ್ ಓಡಬೇಕು ಎಂಬುದು ನಿಯಮ. ಹಾಗಾದರೆ ಈಗ ತಾನೇ ಆದ ಓಟದಲ್ಲಿ ಕ್ರೋನಾ ಇರಲೇ ಇಲ್ಲ! ಹಗ್ಗ ಅದೇ, ತೂಕ ಅದೇ, ಬೇರಿಂಗ್ ಅದೇ. ಬದಲಾದದ್ದು ಒಂದೇ. ಯಾರೂ ಅದನ್ನು ತಿದ್ದಲು ಹೋಗಿರಲಿಲ್ಲ.

ಅವಳು ಅಲ್ಲಿಯೇ ಬಾಳೆಕಂದಿನ ಪಕ್ಕದಲ್ಲಿ ಕೂತುಬಿಟ್ಟಳು. ಹಗ್ಗ ಸ್ವಲ್ಪ ಜೋಲಿ ಹೊಡೆಯಿತೆಂದರೆ ಕ್ರೋನಾ ಅಪಾಯವೆಂದು ವೇಗ ತಗ್ಗಿಸುತ್ತಿತ್ತು. ವೇಗ ತಗ್ಗಿದರೆ ಗಡುವು ತಪ್ಪುತ್ತದೆ ಎಂದು ಮರುಕ್ಷಣವೇ ವೇಗ ಹೆಚ್ಚಿಸುತ್ತಿತ್ತು. ಶಾಫ್ಟಿನ ಸುದ್ದಿ ಮೂರು ಖಂಡಗಳ ಗಣಕಗಳನ್ನು ಸುತ್ತಿ, ಹಡಗು ಹವಾಮಾನಗಳ ಜೊತೆ ತೂಗಿ ನೋಡಿ, ಆಜ್ಞೆಯಾಗಿ ಮರಳುವ ಹೊತ್ತಿಗೆ ಹಗ್ಗ ಒಂದು ಜೋಲಿ ಮುಗಿಸಿ ಇನ್ನೊಂದಕ್ಕೆ ಹೊರಟಿರುತ್ತಿತ್ತು. ಹಿಂದಿನ ಜೋಲಿಗೆ ಕೊಟ್ಟ ಔಷಧಿ ಮುಂದಿನ ಜೋಲಿಗೆ ಬೀಳುತ್ತಿತ್ತು. ಉಯ್ಯಾಲೆ ನಿಲ್ಲಿಸಲೆಂದು ಹೋಗಿ ಹೊತ್ತು ತಪ್ಪಿ ಕೈಹಾಕಿದರೆ ಅದು ಇನ್ನೂ ಜೋರಾಗಿ ತೂಗುತ್ತದಲ್ಲ, ಹಾಗೆ. ಇಷ್ಟು ತಿಂಗಳು ಅವರೆಲ್ಲ ಹುಡುಕುತ್ತಿದ್ದ ರೋಗ ಆ ವೈದ್ಯನೇ ಆಗಿತ್ತು. ಯಾರೂ ಮುಟ್ಟದಿದ್ದಾಗ ಹಗ್ಗ ಹೇಗಿರುತ್ತದೆ ಎಂದು ಇವರಲ್ಲಿ ಒಬ್ಬರೂ ಒಮ್ಮೆಯೂ ನೋಡಿರಲಿಲ್ಲ.

"ಸೆಲ್ವಣ್ಣ, ನಿಮ್ಮಿಂದ ಶಾಫ್ಟು ಹೋಗಲಿಲ್ಲ," ಎಂದಳು ಅವಳು. ನಗು, ಅಳು ಎರಡೂ ಒಟ್ಟಿಗೆ ಬರುತ್ತಿದ್ದವು. "ಆದರೆ ಇನ್ನೊಂದು ಸಲ ನನ್ನ ಕೇಳದೆ ಕುಂಕುಮ ಹಚ್ಚಿದ್ರೆ ನೋಡಿ!"

ಒಕ್ಕೂಟದ ಸಭೆ ಮೂರು ಗಂಟೆಗೆ ಎಂದು ಡೊರೊಟಾ ತಿಳಿಸಿದಳು. ಇಂಚರ ಊಟಕ್ಕೆ ಮನೆಗೆ ಹೋದಳು. ಲೋಹಿತ್ ಒಬ್ಬಟ್ಟು ಬೇಯಿಸಿ, ಎರಡು ಎಲೆ ಹಾಕಿ, ಅವಳ ದಾರಿ ಕಾಯುತ್ತಿದ್ದ. ಅವನ ಮುಖದಲ್ಲಿ ಹಬ್ಬಕ್ಕಿಂತ ದೊಡ್ಡದೇನೋ ಇತ್ತು.

"ಬೆಳಿಗ್ಗೆಯಿಂದ ಪಟ್ಟಿ ಒಂದು ಸಲವೂ ಅಲುಗಿಲ್ಲ ಕಣೆ. ಗಣಿ ಕಾಣ್ತಿಲ್ಲ ಅಂತ ಕ್ರೋನಾ ಈ ಊರನ್ನೇ ಪಕ್ಕಕ್ಕಿಟ್ಟುಬಿಟ್ಟಿದೆಯಂತೆ. ಆ ವಿಯೆಟ್ನಾಮಿನ ಪಂಪು ಗೊತ್ತಲ್ಲ, ತಿಂಗಳಿಂದ ಎತ್ತೋದು ಇಡೋದು ಮಾಡ್ತಿದ್ದೆನಲ್ಲ? ಇವತ್ತು ಒಂದೇ ಸಲಕ್ಕೆ ಕೂತು ಮುಗಿಸಿದೆ!"

"ಒಂದೇ ಸಲಕ್ಕಾ?"

"ಪ್ರತಿ ಸಲ ಬಿಟ್ಟು ಹಿಡಿದಾಗ ಎಲ್ಲಿದ್ದೆ ಅಂತ ನೆನಪು ಮಾಡಿಕೊಳ್ಳೋದಕ್ಕೇ ಅರ್ಧ ಹೊತ್ತು ಹೋಗ್ತಿತ್ತು. ನಾನು ತಡ ಮಾಡ್ತೀನಿ ಅಂತ ಅದು ಕೆಲಸ ಬದಲಾಯಿಸ್ತಿತ್ತು. ಅದು ಬದಲಾಯಿಸ್ತಿದ್ದದ್ದಕ್ಕೇ ನಾನು ತಡ ಮಾಡ್ತಿದ್ದೆ."

ಇಂಚರ ಕೈಯಲ್ಲಿದ್ದ ಒಬ್ಬಟ್ಟನ್ನು ಎಲೆಗಿಳಿಸಿ ಅವನನ್ನೇ ನೋಡಿದಳು. ಅವಳಿಗೆ ಇದುವರೆಗೆ ಹಗ್ಗ ಮಾತ್ರ ಕಂಡಿತ್ತು. ಈಗ ಎದುರಿಗೆ ಕೂತ ಗಂಡನ ದಣಿದ ಮುಖದಲ್ಲೂ ಅದೇ ಜೋಲಿ ಕಂಡಿತು. ಎಷ್ಟು ಊರುಗಳಲ್ಲಿ ಎಷ್ಟು ಜನ ಹೀಗೆ ತೂಗಾಡುತ್ತಿದ್ದಾರೋ ಎನಿಸಿ ಕಣ್ಣು ತುಂಬಿತು. ಆಮೇಲೆ ಇಬ್ಬರೂ ನಿಧಾನವಾಗಿ, ತುಪ್ಪ ಹಾಕಿಸಿಕೊಂಡು, ಎಲೆ ಖಾಲಿಯಾಗುವವರೆಗೂ ಕೂತು ಉಂಡರು.

ಸಭೆ ಶುರುವಾದಾಗ ಅವಳ ಹಣೆಯ ಮೇಲೆ ಬೆಳಗಿನ ಕುಂಕುಮ ಹಾಗೇ ಇತ್ತು. ಪರದೆಯಲ್ಲಿ ಎಲ್ಲೆಲ್ಲಿಯದೋ ಮುಖಗಳು. ನಡುವೆ ಒಕ್ಕೂಟದ ಅಧ್ಯಕ್ಷ ಬಾಟಿಸ್ಟಾ, ಲಿಸ್ಬನ್‌ನಲ್ಲಿ ಕೂತವನು, ಮಾತಿನಲ್ಲಿ ಜೇನು, ಲೆಕ್ಕದಲ್ಲಿ ಕತ್ತಿ.

"ಅಂಕವು ಗೆರೆ ದಾಟಿದೆ. ಸ್ಥಳಾಂತರಕ್ಕೆ ನಿಮ್ಮ ಸಹಿ ಬೇಕಾಗಿದೆ, ಅಷ್ಟೇ," ಎಂದ.

"ಸಹಿ ಹಾಕಲ್ಲ ಸರ್."

ಮುಖಗಳೆಲ್ಲ ಒಮ್ಮೆ ಕದಲಿದವು. ಸಹಿ ಹಾಕುವವರು ಹಾಕುವುದಿಲ್ಲ ಎಂದದ್ದು ಬಹುಶಃ ಅದೇ ಮೊದಲು. ಇಂಚರ ಬೆಳಗಿನದ್ದನ್ನೆಲ್ಲ ಒಂದೂ ಬಿಡದೆ ಹೇಳಿದಳು, ಕುಂಕುಮವನ್ನೂ ಸೇರಿಸಿ. ಕೆಲವರು ನಕ್ಕರು. ಬಾಟಿಸ್ಟಾ ನಗಲಿಲ್ಲ.

"ಲೋಕದ ಅತಿ ಬುದ್ಧಿವಂತ ಯೋಜಕನಿಗೆ ಕಣ್ಣು ಕಟ್ಟಿದರೆ ಕೆಲಸ ಸುಧಾರಿಸುತ್ತದೆ ಎಂದು ಹೇಳುತ್ತಿದ್ದೀರಾ?"

"ಕಣ್ಣು ಕಟ್ಟಬೇಡಿ ಸರ್. ಕೈ ಕಟ್ಟಿ ಸಾಕು. ನೋಡಲಿ, ಲೆಕ್ಕ ಹಾಕಲಿ. ಆದರೆ ಪಾಳಿ ಶುರುವಾದಾಗ ಒಮ್ಮೆ ಹೇಳಲಿ. ಪಾಳಿ ಮುಗಿಯುವವರೆಗೆ ಹಗ್ಗಾನೂ ಮುಟ್ಟಬಾರದು, ನಮ್ಮ ಜನರನ್ನೂ ಮುಟ್ಟಬಾರದು."

"ನಡುವೆ ಏನಾದರೂ ಕೆಟ್ಟರೆ?"

"ಅದಕ್ಕೆ ನಾವಿದ್ದೀವಲ್ಲ ಸರ್. ಬ್ರೇಕು ಹಾಕೋದು ನಮಗೂ ಬರುತ್ತೆ."

ಡೊರೊಟಾ ನಡುವೆ ಬಾಯಿ ಹಾಕಿದಳು. "ಅಧ್ಯಕ್ಷರೇ, ನಮ್ಮಲ್ಲಿ ಡಿಸೆಂಬರಿನಲ್ಲಿ ಸಂತ ಬಾರ್ಬರಾಳ ದಿನ ಗಣಿಗಾರರು ಕೆಳಗಿಳಿಯದೆ ಹಬ್ಬ ಆಚರಿಸುತ್ತಾರೆ. ಅದನ್ನು ಕ್ರೋನಾ ನಷ್ಟವೆಂದು ಬರೆಯುತ್ತದೆ. ನಾನು ಈಗಷ್ಟೇ ಹಳೆಯ ಅಂಕಿಗಳನ್ನು ತೆಗೆದು ನೋಡಿದೆ. ಪ್ರತಿವರ್ಷವೂ, ಕ್ರೋನಾದ ಆಜ್ಞೆಗಳು ಇನ್ನೂ ಪೂರ್ತಿಯಾಗಿ ಆರಂಭವಾಗದ ಆ ಹಬ್ಬದ ಮರುದಿನ, ನಮ್ಮ ಗಣಿಯ ಹಗ್ಗಗಳು ಅತ್ಯಂತ ಶಾಂತವಾಗಿರುತ್ತವೆ. ಇದಕ್ಕೆ ಕಾರಣವನ್ನು ನಾವು ಕೇಳಿಕೊಂಡಿರಲೇ ಇಲ್ಲ."

"ಪೂರ್ತಿ ತೂಕ, ತಳದವರೆಗೆ, ನಾಳೆ," ಎಂದ ಬಾಟಿಸ್ಟಾ ಕೊನೆಗೆ. "ಪೆಟ್ಟಿಗೆ ಗೋಡೆಗೆ ತಾಗಿದರೆ ಶಾಫ್ಟು ಕುಸಿಯುತ್ತದೆ. ಹೊಣೆ ಯಾರದು?"

"ನನ್ನದು," ಎಂದಳು ಇಂಚರ.

ಮಾರನೆಯ ದಿನ ವಿಜಯದಶಮಿ. ಕೆಳಗೆ ಒಬ್ಬರೂ ಇಲ್ಲವೆಂದು ಖಚಿತಪಡಿಸಿಕೊಂಡು ಪೂರ್ತಿ ತೂಕ ಕಟ್ಟಿದರು. ಗಾಜಿನ ಕಣ್ಣುಗಳನ್ನು ತೊಳೆದಿದ್ದರು. ಕ್ರೋನಾ ನೋಡಬಹುದಿತ್ತು, ಹೇಳಬಹುದಿತ್ತು, ಮಾಡುವಂತಿರಲಿಲ್ಲ. ಆಚೆ, ಗಣಿಯ ಬೇಲಿಯುದ್ದಕ್ಕೂ ಊರಿನ ಜನ ಹಬ್ಬದ ಬಟ್ಟೆಯಲ್ಲಿ ನಿಂತಿದ್ದರು. ಪರೀಕ್ಷೆಗೆಂದು ಬೇರೆ ಕಡೆಯ ಕರೆಂಟು ತೆಗೆದು ಇಡೀ ಊರನ್ನು ಈ ವೈಂಡರಿನ ತಂತಿಗೆ ಜೋಡಿಸಿದ್ದರು. ಹಾಗಾಗಿ ಊರಿನ ಫ್ಯಾನುಗಳೆಲ್ಲ ನಿಂತು, ಜನ ಬೆವರುತ್ತ, ಒಬ್ಬರಿಗೊಬ್ಬರು ಬೀಸಿಕೊಳ್ಳುತ್ತ ಕಾಯುತ್ತಿದ್ದರು. ಲೋಹಿತ್ ಕೂಡ ಅಲ್ಲೇ ಇದ್ದ.

"ಇಳಿಸಿ ಸೆಲ್ವಣ್ಣ," ಎಂದಳು ಇಂಚರ.

ಪೆಟ್ಟಿಗೆ ಕತ್ತಲೆಗೆ ಇಳಿಯಿತು. ಕಾಲು ಭಾಗ ನೆಟ್ಟಗೆ ಹೋಯಿತು. ಅರ್ಧ ದಾರಿಗೆ ಬರುವಾಗ ಮಾಪಕದ ಮುಳ್ಳು ಒಮ್ಮೆ ಎಡಕ್ಕೆ ಸರಿಯಿತು, ಬಲಕ್ಕೆ ಬಂತು, ಮತ್ತೆ ಎಡಕ್ಕೆ, ಮೊದಲಿಗಿಂತ ಹೆಚ್ಚು. ಪರದೆಯಲ್ಲಿ ಕ್ರೋನಾದ ಕೆಂಪು ಅಕ್ಷರ ಹೊಡೆದುಕೊಳ್ಳತೊಡಗಿತು: ವೇಗ ತಗ್ಗಿಸಿ. ವೇಗ ತಗ್ಗಿಸಿ. ಲಿಸ್ಬನ್‌ನಲ್ಲಿ ಬಾಟಿಸ್ಟಾ ಎದ್ದು ನಿಂತ.

ಸೆಲ್ವಣ್ಣನ ಕೈ ತಾನಾಗಿಯೇ ಹಿಡಿಕೆಯ ಕಡೆ ಹೋಯಿತು. "ಮೇಡಂ, ಸ್ವಲ್ಪ... ಒಂಚೂರು ತಗ್ಗಿಸ್ಲಾ?"

ಇಂಚರಳ ಒಳಗೂ ಅದೇ ಕೂಗುತ್ತಿತ್ತು. ಏನಾದರೂ ಮಾಡು, ಏನಾದರೂ ಮಾಡು. ಇಪ್ಪತ್ತು ವರ್ಷದ ಕೆಲಸ ಅವಳಿಗೆ ಕಲಿಸಿದ್ದು ಅದೊಂದನ್ನೇ. ಮುಳ್ಳು ಕೆಂಪು ಗುರುತಿನ ಹತ್ತಿರಕ್ಕೆ ಹೋಗಿ ಬಂತು. ಹಗ್ಗ ಉದ್ದವಾಗುತ್ತ ಹೋದಂತೆ ಅದರ ತೂಗಿನ ಗತಿಯೂ ಬದಲಾಗುತ್ತದೆ, ನೂಕುವವರು ಇಲ್ಲದಿದ್ದರೆ ಈ ಜಾಗ ದಾಟಿದ ಮೇಲೆ ಅದು ತಾನೇ ಸಾಯಬೇಕು. ನಿನ್ನೆಯಿಂದ ಅವಳು ಹಾಕಿದ ಲೆಕ್ಕ ಹಾಗೆ ಹೇಳುತ್ತಿತ್ತು. ಲೆಕ್ಕ ತಪ್ಪಾಗಿದ್ದರೆ ಈ ಊರಿಗೆ ಇನ್ನು ಏನೂ ಉಳಿಯುವುದಿಲ್ಲ.

"ಮುಟ್ಟಬೇಡಿ ಸೆಲ್ವಣ್ಣ. ಎರಡೂ ಕೈ ಹಿಂದಕ್ಕೆ ಕಟ್ಟಿಕೊಳ್ಳಿ."

ಸೆಲ್ವಣ್ಣ ಕಣ್ಣು ಮುಚ್ಚಿ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡರು. ಅವರನ್ನು ನೋಡಿ ಪಕ್ಕದವನೂ ಕಟ್ಟಿಕೊಂಡ. ಮತ್ತೊಬ್ಬನೂ. ಇಂಚರಳೂ ತನ್ನ ಕೈಗಳನ್ನು ಹಿಂದಕ್ಕೆ ಒಯ್ದು ಒಂದರಲ್ಲೊಂದು ಬಿಗಿಯಾಗಿ ಹೆಣೆದಳು. ಇಡೀ ಕೋಣೆ ಶಾಲೆಯಲ್ಲಿ ಪ್ರಾರ್ಥನೆಗೆ ನಿಂತ ಮಕ್ಕಳಂತೆ ನಿಂತಿತ್ತು.

ಮುಳ್ಳು ಎಡಕ್ಕೆ ಹೋಯಿತು. ಈ ಸಲ ಸ್ವಲ್ಪ ಕಡಿಮೆ. ಬಲಕ್ಕೆ ಬಂತು, ಇನ್ನೂ ಕಡಿಮೆ. ಒಂದೆರಡು ಸಲ ಕಾಣದಷ್ಟು ಮಿಸುಕಿ ನಟ್ಟನಡುವೆ ನಿಂತಿತು. ಕೆಂಪು ಅಕ್ಷರಗಳು ಪರದೆಯಿಂದ ಒಂದೊಂದಾಗಿ ಅಳಿಸಿಹೋದವು. ವೈಂಡರ್ ಗಂಭೀರವಾಗಿ ಗುಂಯ್ಗುಡುತ್ತ ತಿರುಗುತ್ತಲೇ ಇತ್ತು, ಆ ಸದ್ದಿನಲ್ಲಿ ಒಂದು ಏರಿಳಿತವೂ ಇರಲಿಲ್ಲ.

ಹಗ್ಗ ಶಾಂತವಾದ ಮೇಲೆ ಊರಿನ ತಂತಿಗೆ ಕರೆಂಟು ತಾನಾಗಿ ಹರಿಯಿತು, ಆಗ ಆಚೆಯಿಂದ ಕೂಗು ಕೇಳಿಸಿತು. ಮೊದಲು ಬೇಲಿಯ ಹತ್ತಿರ, ಆಮೇಲೆ ಬೀದಿಯಿಂದ ಬೀದಿಗೆ. ಮಾರಿಕುಪ್ಪಂನಲ್ಲಿ ಫ್ಯಾನು ತಿರುಗಿತಂತೆ, ಊರಿಗಾಂನಲ್ಲಿ ದೀಪ ಬಂತಂತೆ, ಮೈಕಿನಲ್ಲಿ ಹಾಡು ಶುರುವಾಯಿತಂತೆ. ನೂರು ವರ್ಷ ಚಿನ್ನ ಕೊಟ್ಟು ಬರಿದಾದ ನೆಲ ಮತ್ತೆ ಕೊಡತೊಡಗಿತ್ತು. ಪೆಟ್ಟಿಗೆ ತಳ ಮುಟ್ಟಿದ ಸದ್ದು ಪಾತಾಳದಿಂದ ಮೆಲ್ಲಗೆ ಬಂದಾಗ ಸೆಲ್ವಣ್ಣ ಕಣ್ಣು ತೆರೆದರು. ಮೀಸೆಯ ಮೇಲೆ ಕಣ್ಣೀರು ಇಳಿಯುತ್ತಿತ್ತು, ಒರೆಸಿಕೊಳ್ಳಲು ಕೈ ಬಿಚ್ಚುವುದೇ ಅವರಿಗೆ ಮರೆತುಹೋಗಿತ್ತು. ಹುಡುಗರು ಒಬ್ಬರನ್ನೊಬ್ಬರು ಎತ್ತಿ ಕುಣಿದರು. ಪರದೆಯಲ್ಲಿ ಡೊರೊಟಾ ಅನುವಾದ ಯಂತ್ರಕ್ಕೂ ನಿಲುಕದ ಭಾಷೆಯಲ್ಲಿ ಏನೋ ಕಿರುಚುತ್ತಿದ್ದಳು.

ಬಾಟಿಸ್ಟಾ ಮೆಲ್ಲಗೆ ಕುಳಿತುಕೊಂಡ. "ಶಾಫ್ಟು ನಿಮ್ಮಲ್ಲಿಯೇ ಉಳಿಯುತ್ತದೆ, ಇಂಚರಾ ಅವರೇ," ಎಂದ. ಅವನ ದನಿಯಲ್ಲಿ ಈಗ ಜೇನೂ ಇರಲಿಲ್ಲ, ಕತ್ತಿಯೂ ಇರಲಿಲ್ಲ. "ಕ್ರೋನಾ ಹೊಸ ಸಲಹೆಗಳನ್ನು ಕಳುಹಿಸುತ್ತಿದೆ. ಚಿಲಿಯವರೂ ಪೋಲೆಂಡಿನವರೂ ನಿಮ್ಮ ವಿಧಾನವನ್ನು ಕೇಳುತ್ತಿದ್ದಾರೆ. ಮುಂದಿನ ಬದಲಾವಣೆಯನ್ನು ಯಾವಾಗ ಮಾಡೋಣ?"

ಇಂಚರ ಹಿಂದೆ ಕಟ್ಟಿದ್ದ ಕೈಗಳನ್ನು ಬಿಡಿಸಿಕೊಂಡಳು. ಬೆರಳುಗಳು ಜೋಮು ಹಿಡಿದಿದ್ದವು. ಅವಳು ತಂಡದವರನ್ನೆಲ್ಲ ಒಮ್ಮೆ ನೋಡಿದಳು, ಆಮೇಲೆ ಪರದೆಯನ್ನು.

"ಪಾಳಿ ಮುಗಿದ ಮೇಲೆ ಹೇಳ್ತೀನಿ ಸರ್. ಅಲ್ಲಿವರೆಗೆ ಯಾವ ಬದಲಾವಣೆಯೂ ಇಲ್ಲ," ಎಂದು ಹೇಳಿ, ಲೋಕದ ಅತಿ ಬುದ್ಧಿವಂತ ಯೋಜಕನನ್ನೂ ಒಕ್ಕೂಟದ ಅಧ್ಯಕ್ಷನನ್ನೂ ಕಾಯಲು ಬಿಟ್ಟು, ಅವಳು ಕರೆ ಕತ್ತರಿಸಿದಳು.